ಎಡಗಾಲಿನ ಸಾಕ್ಷಿ

"ಶಟರ್ ಪೂರ್ತಿ ಇಳಿಸಪ್ಪಾ," ಎಂದು ಪತ್ತೇದಾರ ಹೊರಗಿನ ಕಾವಲಿನವನಿಗೆ ಕೂಗಿ ಹೇಳಿದ. "ಬೆರಳಷ್ಟು ಸಂದೂ ಬೇಡ."

ಕಬ್ಬಿಣದ ಶಟರ್ ಗರಗರನೆ ಇಳಿದು ನೆಲಕ್ಕೆ ಬಡಿಯಿತು. ಒಂಬತ್ತನೇ ನಂಬರಿನ ಗ್ಯಾರೇಜಿನೊಳಗೆ ಉಳಿದದ್ದು ಇಬ್ಬರು ಮನುಷ್ಯರು, ಒಂದು ಬೈಕು, ಒಂದು ಗೋಡೆ ಗಡಿಯಾರ. ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ.

ನಾಲ್ಕಕ್ಕೆ ರೇಸಿನ ಅರ್ಹತಾ ಸುತ್ತು. ಪೊಲೀಸ್ ಇನ್ಸ್‌ಪೆಕ್ಟರ್ ಬರುವುದೂ ನಾಲ್ಕಕ್ಕೇ. ಈ ಎರಡರಲ್ಲಿ ತನ್ನ ಪಾಲಿಗೆ ಯಾವುದು ಎಂಬುದು ಎದುರಿಗೆ ಟೈರುಗಳ ಅಟ್ಟಿಯ ಮೇಲೆ ಕೂತ ದಪ್ಪ ಪತ್ತೇದಾರನ ಕೈಯಲ್ಲಿದೆ ಎಂದು ಹದಿನೇಳರಿಗೆ ಗೊತ್ತಿತ್ತು.

ಹದಿನೇಳು ಅವನ ಬೈಕಿನ ಮೂತಿಯ ಮೇಲಿನ ಅಂಕಿ. ಹದಿನಾಲ್ಕು ಸೀಸನ್ ಅದೇ ಅಂಕಿಯನ್ನು ಹೊತ್ತು ರೇಸ್ ಓಡಿಸಿದ ಮೇಲೆ ಟ್ರ್ಯಾಕಿನಲ್ಲಿ ಎಲ್ಲರ ಬಾಯಲ್ಲೂ ಅವನು ಹದಿನೇಳೇ.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಯಾರೋ ಅವನ ಸೂಟು, ಅವನ ಹೆಲ್ಮೆಟ್ಟು ತೊಟ್ಟು, ಅವನ ಬೈಕು ಹತ್ತಿ, ಗ್ಯಾರೇಜುಗಳ ಮುಂದಿನ ಪಿಟ್ ಓಣಿಯ ಕೊನೆಯಲ್ಲಿ ನಿಂತಿದ್ದ ಅವನ ಸೋದರಮಾವನಿಗೆ ಗುದ್ದಿ ನಿಲ್ಲಿಸದೆ ಹೋಗಿದ್ದರು. ಬೈಕು, ಸೂಟು, ಹೆಲ್ಮೆಟ್ಟು ಆಮೇಲೆ ಟ್ರ್ಯಾಕಿನ ಆಚೆ ತುದಿಯಲ್ಲಿ ಸಿಕ್ಕಿದ್ದವು. ಮಾವ ಈ ಪುಟ್ಟ ಟೀಮಿನ ಒಬ್ಬನೇ ಮೆಕ್ಯಾನಿಕ್. ಈಗ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದ. ಬಾವುಟ ಹಿಡಿಯುವ ಹೆಂಗಸೊಬ್ಬಳು, 'ಹದಿನೇಳೇ ಸಾರ್, ಕಣ್ಣಾರೆ ಕಂಡೆ' ಎಂದು ಬರೆದುಕೊಟ್ಟಿದ್ದಳು.

ರೇಸ್ ಸಮಿತಿಯವರು ಕರೆಸಿದ ಈ ಪತ್ತೇದಾರನಿಗೆ ಮೋಟಾರ್ ಬೈಕ್ ಹೋಗಲಿ, ಸೈಕಲ್ ಕೂಡ ಬರುತ್ತಿರಲಿಲ್ಲ. ಅದನ್ನು ಅವನೇ ಬೆಳಿಗ್ಗೆಯಿಂದ ನಾಲ್ಕು ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದ. ಐದನೇ ಸಲ ಈಗ ಶುರುವಾಯಿತು.

"ನೋಡಿ ಸ್ವಾಮಿ, ಎರಡು ಚಕ್ರದ ಮೇಲೆ ಮನುಷ್ಯ ಯಾಕೆ ಬೀಳಲ್ಲ ಅನ್ನೋದೇ ನನಗೆ ಇನ್ನೂ ಗೊತ್ತಾಗಿಲ್ಲ. ಹಾಗಾಗಿ ದಡ್ಡ ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಆರಕ್ಕೆ ನೀವು ಎಲ್ಲಿದ್ರಿ?"

"ಆಗಲೇ ಹೇಳಿದೆನಲ್ಲ. ಓಡೋಕೆ ಹೋಗಿದ್ದೆ."

"ಓಡೋಕೆ. ಸರಿ." ಪತ್ತೇದಾರ ಚೀಟಿಯಲ್ಲಿ ಏನೋ ಗೀಚಿದ. "ಎಷ್ಟು ದೂರ?"

"ಒಂದು ಐದು ಕಿಲೋಮೀಟರ್."

"ಮುಂದಿನ ಗೇಟಿನವನು ನಿಮ್ಮನ್ನ ನೋಡಿಲ್ಲ. ಹಿಂದಿನ ಗೇಟಿನವನೂ ನೋಡಿಲ್ಲ. ಗೋಡೆ ಹಾರಿ ಓಡಿದ್ರಾ?"

ಹದಿನೇಳು ಬಾಯಿಗೆ ಬಂದದ್ದನ್ನು ಬೆಳಿಗ್ಗೆ ಯೋಚನೆಯಿಲ್ಲದೆ ಆಡಿಬಿಟ್ಟಿದ್ದ. ಆಡಿದ ಮಾತು ಈಗ ಕುತ್ತಿಗೆಗೆ ಬಂದಿತ್ತು. ನಿಜವಾಗಿ ಆರು ಗಂಟೆಗೆ ಅವನು ಟೀಮಿನ ಲಾರಿಯ ಹಿಂಬದಿಯಲ್ಲಿ ಒಬ್ಬನೇ ಕೂತು, ಎಡಗಾಲನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಅದ್ದಿಕೊಂಡು ಹಲ್ಲು ಕಚ್ಚುತ್ತಿದ್ದ. ಅದನ್ನು ಹೇಳುವ ಹಾಗಿರಲಿಲ್ಲ.

"ಅದು ಇರಲಿ ಬಿಡಿ," ಎಂದು ಪತ್ತೇದಾರ ದೊಡ್ಡ ಮನಸ್ಸು ಮಾಡಿದವನಂತೆ ಕೈ ಬೀಸಿದ. ಎದ್ದು ಬೈಕಿನ ಹತ್ತಿರ ಹೋದ. ಎಡ ಹ್ಯಾಂಡಲಿನ ಹಿಡಿಯ ಪಕ್ಕಕ್ಕೆ ಬೆರಳು ತೋರಿಸಿದ. ಅಲ್ಲಿ ಎರಡು ತುಂಡು ತಂತಿ ಮೀಸೆಯ ಹಾಗೆ ಹೊರಚಾಚಿಕೊಂಡಿದ್ದವು.

"ಇಲ್ಲೇನೋ ಇತ್ತು. ಇಕ್ಕಳದಲ್ಲಿ ಕತ್ತರಿಸಿ ಕಿತ್ತಿದ್ದಾರೆ. ನಿನ್ನೆ ಮಧ್ಯಾಹ್ನದ ಫೋಟೋದಲ್ಲಿ ಒಂದು ಸಣ್ಣ ಕರೀ ಗುಂಡಿ ಕಾಣುತ್ತೆ. ಏನದು?"

"ಯಾವುದೋ ಸ್ವಿಚ್ ಇರಬೇಕು. ಅದೆಲ್ಲ ಮಾವನ ಕೆಲಸ. ನನಗೆ ಗೊತ್ತಿಲ್ಲ."

"ನಿಮ್ಮ ಬೈಕಿನ ಮೇಲೆ, ನಿಮ್ಮ ಹೆಬ್ಬೆರಳಿನ ಕೆಳಗೆ ಇದ್ದ ಗುಂಡಿ. ನಿಮಗೇ ಗೊತ್ತಿಲ್ಲ."

"ಗೊತ್ತಿಲ್ಲ ಅಂದೆನಲ್ಲ!"

ದನಿ ಶಟರಿಗೆ ಬಡಿದು ವಾಪಸು ಬಂತು. ಹೊರಗೆ ಪಕ್ಕದ ಟೀಮಿನವರು ಎಂಜಿನ್ ಬಿಸಿ ಮಾಡುತ್ತಿದ್ದರು. ಹದಿನಾಲ್ಕು ವರ್ಷ ಆ ಸದ್ದು ಕಿವಿಗೆ ಬಿದ್ದ ಕೂಡಲೇ ಅವನ ಮೈ ತಾನಾಗಿ ಎದ್ದು ನಿಲ್ಲುತ್ತಿತ್ತು. ಇವತ್ತು ಬೆನ್ನ ಹಿಂದೆ ಗೋಡೆ, ಮುಂದೆ ಈ ಮನುಷ್ಯ. ಬೆವರು ಸೂಟಿನ ಒಳಗೇ ಇಳಿಯುತ್ತಿತ್ತು.

ಪತ್ತೇದಾರ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ನೆಲದ ಮೇಲೆ ಒಂದೊಂದೇ ಹಾಳೆ ಹರಡಿದ. ಹಾಳೆಯ ತುಂಬ ಹಸಿರು ಗೆರೆ.

ಬೈಕಿನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ದಾಖಲಾಗುವ ಲೆಕ್ಕ ಅದು. ಯಾವ ತಿರುವಿನಲ್ಲಿ ಎಷ್ಟು ವೇಗ, ಯಾವಾಗ ಬ್ರೇಕು, ಯಾವಾಗ ಗೇರು, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಓದುತ್ತಿದ್ದವನು ಮಾವ ಒಬ್ಬನೇ.

"ಪಕ್ಕದ ಗ್ಯಾರೇಜಿನ ಮೇಸ್ತ್ರಿ ಪುಣ್ಯಾತ್ಮ, ಅರ್ಧ ಗಂಟೆ ಕೂತು ಪಾಠ ಹೇಳಿಕೊಟ್ಟ. ರಸ್ತೇಲಿ ಓಡೋ ಬೈಕಿನಲ್ಲಿ ಮೊದಲನೇ ಗೇರಿಗೆ ಲಿವರ್ ಒತ್ತಬೇಕು, ಮೇಲಿನ ಗೇರಿಗೆ ಎತ್ತಬೇಕು. ರೇಸ್ ಬೈಕಿನಲ್ಲಿ ಉಲ್ಟಾ. ಮೊದಲನೇ ಗೇರಿಗೆ ಎತ್ತಬೇಕು, ಆಮೇಲೆ ಒತ್ತುತ್ತಾ ಹೋಗಬೇಕು. ಸರಿ ತಾನೆ?"

"ಸರಿ."

"ಒತ್ತಿದರೆ ಈ ಗೆರೆ ಮೇಲಕ್ಕೆ ಏಳುತ್ತೆ. ಎತ್ತಿದರೆ ಕೆಳಕ್ಕೆ ಇಳಿಯುತ್ತೆ. ಇದು ಇವತ್ತು ಬೆಳಿಗ್ಗೇದು. ಮೊದಲು ಒಂದು ಸಲ ಒತ್ತಿದ್ದಾರೆ. ಆಮೇಲೆ ಒಂದು ಸಲ ಎತ್ತಿದ್ದಾರೆ."

ಹದಿನೇಳು ಬೇಡವೆಂದರೂ ಬಗ್ಗಿ ನೋಡಿದ. ನೋಡಿದ್ದೇ ತಡ, ಆದದ್ದೆಲ್ಲ ಕಣ್ಣ ಮುಂದೆ ಓಡಿತು. ಹತ್ತಿದವರು ರೂಢಿಯಂತೆ ಲಿವರ್ ಒತ್ತಿದ್ದಾರೆ. ಬೈಕು ತಿಣುಕುತ್ತಾ ಎರಡನೇ ಗೇರಿನಲ್ಲೇ ಹೊರಟಿದೆ. ವೇಗ ಬಂದ ಮೇಲೆ ಮುಂದಿನ ಗೇರಿಗೆಂದು ಲಿವರ್ ಎತ್ತಿದ್ದಾರೆ. ಬಿದ್ದದ್ದು ಮೊದಲನೇ ಗೇರು. ಎಂಜಿನ್ ಕಿರುಚಿದೆ, ಹಿಂದಿನ ಚಕ್ರ ಕಚ್ಚಿಕೊಂಡು ಬೈಕಿನ ಬಾಲ ಬೀಸಿದೆ. ಮಾವ ನಿಂತಿದ್ದದ್ದು ಅಲ್ಲೇ.

"ಇದು ರೇಸಿನವರ ಕೆಲಸ ಅಲ್ಲ," ಎಂದ. "ದಿನಾ ರಸ್ತೆ ಬೈಕು ಓಡಿಸೋರು ಯಾರೋ. ಹದಿನಾಲ್ಕು ವರ್ಷ ಒಂದೇ ಥರ ಗೇರ್ ಹಾಕಿದ ಕಾಲು ಹೀಗೆ ತಪ್ಪಲ್ಲ."

"ಗಾಬರೀಲಿ ತಪ್ಪಿತು ಅಂತಾರೆ ಇನ್ಸ್‌ಪೆಕ್ಟರ್. ಬೇಕು ಅಂತಲೇ ಹಾಗೆ ಮಾಡಿದ ಅಂತಲೂ ಅಂದಾರು. ಸಾಲದು ಸ್ವಾಮಿ. ಈಗ ಇವನ್ನ ನೋಡಿ." ಪತ್ತೇದಾರ ಉಳಿದ ಹಾಳೆಗಳ ಮೇಲೆ ಅಂಗೈ ಸವರಿದ. "ಈ ವರ್ಷದ ನಿಮ್ಮ ಎಲ್ಲಾ ರೇಸು, ಹಿಂದಿನ ವರ್ಷದ್ದೂ. ಸಾವಿರಾರು ಸಲ ಗೆರೆ ಮೇಲೆ ಎದ್ದಿದೆ. ಕೆಳಗೆ ಒಂದು ಸಲ, ಒಂದೇ ಒಂದು ಸಲ ಇಳಿದಿಲ್ಲ. ಆದರೂ ಗೇರು ಇಳೀತಾನೇ ಇದೆ. ಇದೇನು ಮಾಟವೋ ಮಂತ್ರವೋ?"

ಹದಿನೇಳು ಗಡಿಯಾರ ನೋಡಿದ. ಮೂರು ಇಪ್ಪತ್ತೆರಡು.

ಎರಡು ವರ್ಷದ ಹಿಂದೆ ವೇಗದ ಎಡತಿರುವೊಂದರಲ್ಲಿ ಬಿದ್ದಾಗ ಬೈಕು ಅವನ ಎಡಪಾದದ ಮೇಲೆಯೇ ಕೂತಿತ್ತು. ಮೂರು ಆಪರೇಷನ್ ಆದ ಮೇಲೆ ಕಣಕಾಲಿನ ಮೂಳೆಗಳನ್ನು ತಗಡು, ಸ್ಕ್ರೂ ಹಾಕಿ ಒಂದು ಮಾಡಿದರು. 'ನಡೀಬಹುದು, ಓಡೋಕಾಗಲ್ಲ. ಪಾದ ಮೇಲಕ್ಕೆ ಎತ್ತೋ ಆಸೆ ಬಿಡಿ' ಎಂದಿದ್ದ ದೂರದೂರಿನ ಡಾಕ್ಟರು. ಪಾದ ಎತ್ತಲಾರದವನಿಗೆ ರೇಸಿನ ಲೈಸೆನ್ಸ್ ಕೊಡುವುದಿಲ್ಲ. ಮಾವ ಒಂದು ವಾರ ತಲೆ ಕೆರೆದುಕೊಂಡು, ಹೆಬ್ಬೆರಳಿನಲ್ಲಿ ಒತ್ತಿದರೆ ಗೇರ್ ಇಳಿಯುವಂಥ ಗುಂಡಿಯೊಂದನ್ನು ಹುಡುಕಿ ಕೂರಿಸಿದ. ಕಾಲಿನಲ್ಲಿ ಒತ್ತುವುದು, ಹೆಬ್ಬೆರಳಿನಲ್ಲಿ ಇಳಿಸುವುದು. ಸೀಸನ್ ಶುರುವಿನ ತಪಾಸಣೆಯಲ್ಲಿ ರೇಸಿನ ಡಾಕ್ಟರು ಒಂಟಿಕಾಲಿನಲ್ಲಿ ನಿಲ್ಲಲು ಹೇಳಿದ, ನಿಂತ. ಅಷ್ಟೇ. ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದ ವರ್ಷ ಮೂರು ರೇಸ್ ಗೆದ್ದ, ಈ ವರ್ಷ ಐದು.

ಇವತ್ತು ಮೇಲಿನ ಗ್ಯಾಲರಿಯಲ್ಲಿ ದೊಡ್ಡ ಟೀಮಿನ ಮನುಷ್ಯನೊಬ್ಬ ಅವನನ್ನು ನೋಡಲೆಂದೇ ಬಂದು ಕೂತಿದ್ದ. ಹದಿನಾರನೇ ವಯಸ್ಸಿನಿಂದ ಕಾದ ದಿನ.

"ಒಂದು ಸಣ್ಣ ಆಟ ಆಡೋಣ," ಎಂದು ಪತ್ತೇದಾರ ಮುಂದೆ ಬಂದು ಉಬ್ಬಸ ಪಡುತ್ತಾ ಕುಕ್ಕರಗಾಲಿನಲ್ಲಿ ಕೂತ. ತನ್ನ ಕನ್ನಡಕದ ಡಬ್ಬಿಯನ್ನು ತೆಗೆದು ಹದಿನೇಳರ ಎಡ ಬೂಟಿನ ಮೂತಿಯ ಮೇಲಿಟ್ಟ. "ಹಿಮ್ಮಡಿ ನೆಲದ ಮೇಲೇ ಇರಲಿ. ಪಾದ ಮಾತ್ರ ಎತ್ತಿ, ಡಬ್ಬಿ ಬೀಳಿಸಿ. ನನ್ನ ಮೂರು ವರ್ಷದ ಮೊಮ್ಮಗಳು ಮಾಡ್ತಾಳೆ."

ಡಬ್ಬಿ ಹಗುರವಾದದ್ದು. ಕಂದು ಬಣ್ಣದ್ದು, ಮೂಲೆ ಸವೆದದ್ದು. ಹದಿನೇಳು ಅದನ್ನೇ ನೋಡಿದ. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಹೆದರದವನಿಗೆ ಒಂದು ಕನ್ನಡಕದ ಡಬ್ಬಿ ನೋಡಿ ಹೆದರಿಕೆಯಾಯಿತು.

ಮಂಡಿ ಎತ್ತಿದ. ಡಬ್ಬಿ ಜಾರಿ ಬಿತ್ತು.

"ಅದು ಮಂಡಿ," ಎಂದು ಪತ್ತೇದಾರ ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟ. "ಬೈಕಿನ ಮೇಲೆ ಮಂಡಿ ಟ್ಯಾಂಕಿಗೆ ಅಂಟಿಕೊಂಡಿರುತ್ತಂತೆ, ಎತ್ತೋಕೆ ಪಾದ ಒಂದೇ ಗತಿಯಂತೆ. ಪಾದ ಎತ್ತಿ."

ಡಬ್ಬಿ ಕದಲಲಿಲ್ಲ.

ಪತ್ತೇದಾರ ಮೆಲ್ಲಗೆ ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಅದು ಹದಿನೇಳರಿಗೆ ಇನ್ನೂ ಕಷ್ಟವಾಯಿತು.

"ಬೆಳಿಗ್ಗೆ ಆ ಲಿವರನ್ನ ನೀವು ಎತ್ತಿಲ್ಲ. ಎತ್ತೋಕೆ ನಿಮ್ಮ ಕೈಲಿ ಆಗೋದೇ ಇಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ನನ್ನ ಜನ್ಮದಲ್ಲಿ ಕಂಡಿಲ್ಲ."

"ಹಾಗಾದರೆ ಬಿಟ್ಟುಬಿಡಿ ನನ್ನ."

"ಯಾವ ಸಾಕ್ಷಿ ಅಂತ ಬರೀಲಿ?"

ಹದಿನೇಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಒಂದೇ ಒಂದು ಗಂಟೆ ಸಾರ್. ಅರ್ಹತಾ ಸುತ್ತು ಮುಗೀಲಿ, ಆಮೇಲೆ ಏನು ಬೇಕಾದ್ರೂ ಬರೀರಿ. ನಿಮ್ಮ ಕಾಲು ಹಿಡ್ಕೋತೀನಿ."

"ನಾಲ್ಕಕ್ಕೆ ಮುಂಚೆ ನಾನು ಸಹಿ ಹಾಕಿದರೆ ಮಾತ್ರ ನೀವು ಹೊರಗೆ. ಸಹಿ ಹಾಕಬೇಕು ಅಂದರೆ ಕಾರಣ ಬರೀಬೇಕು. ಕಾರಣ ಬರೆದರೆ ಡಾಕ್ಟರು ನೋಡಬೇಕು. ಡಾಕ್ಟರು ನೋಡಿದರೆ..."

ಬಾಯಿ ಬಿಟ್ಟರೆ ಲೈಸೆನ್ಸ್ ಹೋಯಿತು. ಬಿಡದಿದ್ದರೆ ಕೈಗೆ ಕೋಳ. ಎತ್ತ ತಿರುಗಿದರೂ ಅದೇ ಶಟರು.

"ನಾನು ಹೇಳದೇ ಇದ್ದರೆ?" ಎಂದ, ಕೇಳಬೇಕಲ್ಲ ಎಂದು ಕೇಳಿದವನ ಹಾಗೆ.

"ನಿಮ್ಮನ್ನ ಕರ್ಕೊಂಡು ಹೋಗ್ತಾರೆ. ಕೇಸು ಮುಗೀತು ಅಂತ ಎಲ್ಲರೂ ಮನೆಗೆ ಹೋಗ್ತಾರೆ. ನಿಜವಾಗಿ ಗುದ್ದಿದೋರನ್ನ ಯಾರೂ ಹುಡುಕಲ್ಲ. ಮಾವನಿಗೆ ಎಚ್ಚರ ಆಗಬಹುದು ಅಂತ ಗುದ್ದಿದೋರಿಗೂ ಗೊತ್ತು. ಅವರ ಹಾಸಿಗೆ ಪಕ್ಕ ಈಗ ಯಾರಿದ್ದಾರೆ?"

"ಅಕ್ಕ ಇದ್ದಾಳೆ."

ಅಕ್ಕ ಇದ್ದಾಳೆ ಎಂದ ಕೂಡಲೇ ಅವನಿಗೆ ಉಸಿರು ಸ್ವಲ್ಪ ಸಲೀಸಾಯಿತು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಅಪ್ಪನ ಹಳೇ ಬೈಕಿನ ಮೇಲೆ ಕೂರಿಸಿ ಕ್ಲಚ್ಚು ಬ್ರೇಕು ಹೇಳಿಕೊಟ್ಟವಳೂ ಅವಳೇ. ಈಗ ಟೀಮಿನ ಮ್ಯಾನೇಜರೂ ಅವಳೇ. ಅವನು ಯಾವ ವರ್ಷ ಯಾವ ಮೂಳೆ ಮುರಿದುಕೊಂಡ ಎಂಬ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಕಣಕಾಲಿನದು ಮಾತ್ರ 'ವಾಸಿಯಾಗಿದೆ' ಎಂದೇ ಅವಳ ಪಟ್ಟಿಯಲ್ಲಿತ್ತು. ಅವಳಿಗೆ ನಿಜ ಹೇಳುವ ಧೈರ್ಯ ಅವನಿಗೂ ಇರಲಿಲ್ಲ, ಮಾವನಿಗೂ ಇರಲಿಲ್ಲ.

ಆದರೆ ಅಕ್ಕ ಒಬ್ಬಳೇ ಎಷ್ಟು ಹೊತ್ತು ಕಾಯುತ್ತಾಳೆ? ನೀರು ಕುಡಿಯಲೆಂದು ಎದ್ದು ಹೋದಾಗ ಯಾರಾದರೂ ಒಳಗೆ ಬಂದರೆ? ಮಾವ ನಲವತ್ತು ವರ್ಷ ಎಣ್ಣೆ ಹಿಡಿದ ಕೈಗಳನ್ನು ಹೊದಿಕೆಯ ಮೇಲೆ ಚಾಚಿ ಮಲಗಿರುವುದು ಕಣ್ಣಿಗೆ ಕಟ್ಟಿತು. ಅಳು ಬಂತು. ಅವನು ಅದನ್ನು ತಡೆಯಲಿಲ್ಲ.

ಮೂರು ಮೂವತ್ತೊಂದಕ್ಕೆ ಬಗ್ಗಿ ಎಡ ಬೂಟಿನ ಜಿಪ್ಪು ಎಳೆದ.

"ಡಾಕ್ಟರನ್ನ ಕರೀರಿ," ಎಂದ.

ರೇಸಿನ ಡಾಕ್ಟರು ಶಟರಿನ ಕೆಳಗೆ ನುಸುಳಿಕೊಂಡು ಬಂದ. ಎತ್ತರದ ಮನುಷ್ಯ, ತಲೆ ಬಗ್ಗಿಸಿಯೇ ನಡೆಯುವ ರೂಢಿಯವನು. ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದ, ಹೊಲಿಗೆಯ ಗೆರೆಗಳನ್ನು ಬೆರಳಿನಲ್ಲಿ ಮುಟ್ಟಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಎದ್ದು ಹದಿನೇಳರ ಕೊರಳಿನಿಂದ ರೈಡರ್ ಪಾಸನ್ನು ತಾನೇ ಬಿಡಿಸಿಕೊಂಡ. ದಾರ ಕಿವಿಗೆ ಸಿಕ್ಕಿಕೊಂಡಿತು. ಡಾಕ್ಟರು ಸಾವಧಾನವಾಗಿ ಅದನ್ನು ಬಿಡಿಸಿದ.

ಹದಿನಾಲ್ಕು ಸೀಸನ್ ಅಷ್ಟರಲ್ಲೇ ಮುಗಿಯಿತು.

"ಕ್ಷಮಿಸಪ್ಪ," ಎಂದ ಡಾಕ್ಟರು. "ನಿನ್ನೆಯೇ ಆಗಬೇಕಾಗಿದ್ದ ಕೆಲಸ."

"ನಿನ್ನೆಯೇ ಅಂದರೆ?" ಪತ್ತೇದಾರನ ಕಿವಿ ನಿಮಿರಿತು.

"ಇವರ ಮಾವ ನಿನ್ನೆ ಸಂಜೆ ನನ್ನ ಹತ್ತಿರ ಬಂದಿದ್ರು. ಕಾಲಿನ ವಿಷಯ ಎಲ್ಲಾ ಹೇಳಿ ಅತ್ತುಬಿಟ್ರು. 'ದೊಡ್ಡ ಟೀಮಿನ ಬೈಕಿನಲ್ಲಿ ನನ್ನ ಗುಂಡಿ ಇರಲ್ಲ, ಹುಡುಗ ಸತ್ತೇ ಹೋಗ್ತಾನೆ, ನೀವೇ ನಿಲ್ಲಿಸಿ' ಅಂದ್ರು. ಬೆಳಿಗ್ಗೆ ಆರೂವರೆಗೆ ಬಂದು ಬೈಕಿನ ಮೇಲಿನ ಗುಂಡಿ ನೋಡ್ತೀನಿ ಅಂದಿದ್ದೆ. ಅಷ್ಟರಲ್ಲಿ ಹೀಗಾಯ್ತು. ಕಾಲು ಕಣ್ಣಾರೆ ನೋಡದೆ ಬಾಯಿ ಬಿಡೋ ಹಾಗಿರಲಿಲ್ಲ."

ಮಾವ! ಎರಡು ವರ್ಷ ಗುಟ್ಟು ಕಾದವನು ಕೊನೆಗೆ ತಾನೇ ಹೋಗಿ ಹೇಳಿದ್ದ. ಹದಿನೇಳರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಪತ್ತೇದಾರ ಹಾಳೆಗಳ ನಡುವೆ ಓಡಾಡತೊಡಗಿದ. "ಈಗ ಗೊತ್ತಾಯ್ತು ಬಿಡಿ. ನಿಮ್ಮ ಶತ್ರು ಆಗಿದ್ದರೆ ಆ ಗುಂಡೀನ ಹತ್ತು ಜನಕ್ಕೆ ತೋರಿಸ್ತಿದ್ದ. ಇವರು ಕಿತ್ತು ಬಚ್ಚಿಟ್ಟಿದ್ದಾರೆ. ಬೈಕು ತಗೊಂಡು ಹೋಗಿದ್ದೂ ಅದಕ್ಕೇ, ಡಾಕ್ಟರು ನೋಡಬಾರದು ಅಂತ. ಮಾವ ಅಡ್ಡ ನಿಂತ್ರು, ಗೇರು ತಪ್ಪಿತು. ಸ್ವಾಮಿ, ಇದು ನಿಮ್ಮನ್ನ ಕೆಡಿಸೋಕೆ ಮಾಡಿದ್ದಲ್ಲ. ನೀವು ರೇಸ್ ಬಿಡಬಾರದು ಅಂತ ಮಾಡಿದ್ದು."

ಹದಿನೇಳು ಬರಿಗಾಲನ್ನು ತಣ್ಣನೆ ಸಿಮೆಂಟಿನ ಮೇಲೆ ಊರಿ ಕೂತಿದ್ದ. ತಾನು ರೇಸ್ ಬಿಡಬಾರದು ಎಂದು ಜಗತ್ತಿನಲ್ಲಿ ಎಷ್ಟು ಜನರಿಗೆ ಆಸೆ?

"ಡಾಕ್ಟ್ರೇ, ಬೆಳಿಗ್ಗೆ ನೀವು ಬರೋದು ಯಾರಿಗೆ ಗೊತ್ತಿತ್ತು?"

"ನಾನು ಯಾರಿಗೂ ಹೇಳಿಲ್ಲ. ಲೈಸೆನ್ಸ್ ವಾಪಸು ಕೊಡೋ ಫಾರಂ ಮೇಲೆ ಟೀಮ್ ಮ್ಯಾನೇಜರ್ ಸಹಿ ಬೇಕಾಗಿತ್ತು. 'ರಾತ್ರಿಯೇ ಹಾಕಿಸ್ಕೊಂಡು ಇಟ್ಟುಕೊಂಡಿರ್ತೀನಿ' ಅಂತ ಇವರ ಮಾವನೇ ತಗೊಂಡು ಹೋದ್ರು."

ಪತ್ತೇದಾರ ನಿಂತ. ಟೀಮಿನ ಮ್ಯಾನೇಜರ್ ಯಾರೆಂದು ಅವನಿಗೂ ಗೊತ್ತಿತ್ತು. ಚೀಟಿ ತೆಗೆದು ಬರೆಯತೊಡಗಿದ. ಇರಲಾರದು, ಎಂದುಕೊಂಡ ಹದಿನೇಳು. ಸಹಿ ಒಂದು ಸಾಕ್ಷಿಯೇ? ಮಾವ ಕೇಳದೆಯೂ ಇದ್ದಿರಬಹುದು. ಫಾರಂ ಜೇಬಿನಲ್ಲೇ ಉಳಿದಿರಬಹುದು.

ಶಟರಿನ ಮೇಲೆ ಯಾರೋ ಅಂಗೈಯಲ್ಲಿ ಬಡಿದರು.

"ಲೋ, ಒಳಗಿದ್ದೀಯೇನೋ? ಇನ್ನೂ ಎಷ್ಟು ಹೊತ್ತು ಕೂಡಿ ಹಾಕ್ತಾರಂತೆ ನಿನ್ನ? ಟೈಮಾಯ್ತು ಕಣೋ!" ಅಕ್ಕನ ದನಿ. ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿದ್ದವಳ ದನಿ ಬಿದ್ದು ಹೋಗಿತ್ತು. "ಮಾವ ಹಾಗೇ ಇದ್ದಾರೆ, ನೀನು ಯೋಚನೆ ಮಾಡಬೇಡ. ನಿನ್ನ ಸುತ್ತು ಮುಗಿಸ್ಕೊಂಡು ಬಾ, ಒಟ್ಟಿಗೆ ಹೋಗೋಣ."

"ಎತ್ತಪ್ಪಾ ಶಟರು," ಎಂದ ಪತ್ತೇದಾರ, ಬರೆಯುತ್ತಲೇ.

ಶಟರು ಮೇಲೇಳತೊಡಗಿತು. ಮೊದಲು ಒಂದು ಗೇಣು ಬೆಳಕು ಒಳಗೆ ಬಂತು, ಅದರ ಜೊತೆ ಅಕ್ಕನ ಪಾದಗಳು ಕಂಡವು. ಬಿಳೀ ಕ್ಯಾನ್ವಾಸ್ ಶೂ. ಹೋದ ತಿಂಗಳು ಗೆದ್ದ ಮೇಲೆ ಅವನೇ ಕೊಡಿಸಿದ್ದು.

ಬೈಕಿನ ಗೇರ್ ಲಿವರಿನ ತುದಿಗೆ ಮಾವ ಕೆಂಪು ರಬ್ಬರಿನ ಕೊಳವೆ ತೊಡಿಸಿದ್ದ. ಎರಡು ವರ್ಷದಲ್ಲಿ ಅದರ ಮೇಲ್ಭಾಗ ಹದಿನೇಳರ ಬೂಟಿನಡಿ ಸವೆದು ಕಪ್ಪಾಗಿತ್ತು. ತಳಭಾಗವನ್ನು ಯಾರೂ ಮುಟ್ಟಿದವರಿಲ್ಲ, ಅದು ಹೊಸದರ ಹಾಗೆ ಕೆಂಪಗೇ ಇತ್ತು.

ಅಕ್ಕನ ಎಡ ಶೂವಿನ ಮೇಲೆ, ಹೆಬ್ಬೆರಳು ಬರುವ ಜಾಗದಲ್ಲಿ, ಬೆರಳುದ್ದದ ಕೆಂಪು ಗೀರು ಎದ್ದು ಕಾಣುತ್ತಿತ್ತು.

ಅಕ್ಕನೂ ಅವನೂ ಒಂದೇ ಎತ್ತರ. ಚಿಕ್ಕವರಿದ್ದಾಗ ಒಬ್ಬರ ಅಂಗಿ ಒಬ್ಬರು ಹಾಕಿಕೊಂಡು ಬೆಳೆದವರು. ಪತ್ತೇದಾರ ಇನ್ನೂ ತಲೆ ಬಗ್ಗಿಸಿ ಬರೆಯುತ್ತಿದ್ದ. ಶಟರು ಮಂಡಿಯ ತನಕ ಬಂತು, ಸೊಂಟದ ತನಕ ಬಂತು.

"ಅಕ್ಕಾ, ಒಳಗೆ ಬರಬೇಡ!"

ಮಾತು ಅವನ ಬಾಯಿಂದ ತಾನಾಗಿ ಹಾರಿತ್ತು.

ಪೆನ್ನು ನಿಂತಿತು. ಪತ್ತೇದಾರ ನಿಧಾನವಾಗಿ ತಲೆ ಎತ್ತಿ, ಅವನ ಮುಖವನ್ನೇ ನೋಡಿದ.

"ಯಾಕೆ ಬರಬಾರದು?"